ಸ್ಟೆಪ್ನಿ ಇಲ್ಲದ ಕಾರು

ನಾನು ಮುಲ್ಕಿಯವಳು. ಶಾರ್ಜಾದಲ್ಲಿ
ಕಾರಿನ ನೋಂದಣಿ ಚೀಟಿಗೆ ಮುಲ್ಕಿಯಾ ಅನ್ನುತ್ತಾರೆಂದು
ಮೊದಲ ಸಲ ಕೇಳಿದಾಗ, ಊರಿನವರೇ ಯಾರೋ
ಇಲ್ಲಿ ಆಫೀಸು ತೆರೆದಿರಬೇಕೆಂದು ನಕ್ಕಿದ್ದೆ.

ಈ ಸಲ ನಗು ಬರಲಿಲ್ಲ. ತಪಾಸಣೆಯ ಹುಡುಗ
ಟಾರ್ಚು ಹಿಡಿದು ಕುಕ್ಕರಗಾಲಲ್ಲಿ ಕೂತು
ನಾಲ್ಕು ಚಕ್ರಗಳನ್ನೂ ನಾಡಿ ಹಿಡಿದಂತೆ ಮುಟ್ಟಿ
ತಲೆಯಾಡಿಸಿದ: ಟೈರು ಮುದಿಯಾಗಿವೆ, ಫೇಲ್.

ಮುದಿಯೇ? ಹಲ್ಲೊಂದೂ ಸವೆದಿಲ್ಲ ನೋಡು ಮಾರಾಯ!
ಮನೆಯಿಂದ ಹಲ್ಲಿನ ಕ್ಲಿನಿಕ್ಕಿಗೆ ಮೂರೇ ಸಿಗ್ನಲ್ಲು,
ಹಸಿರಿದ್ದರೆ ಆರು ನಿಮಿಷ.
ವರ್ಷಕ್ಕೊಮ್ಮೆ ಖೋರ್ ಫಕ್ಕಾನಿನ ಕಡಲು,
ಅದೂ ಯಾರಾದರೂ ಒತ್ತಾಯ ಮಾಡಿದರೆ.
ಡಾಕ್ಟರ್ ರೀಮ್ ದೇಶ ಬಿಡುವಾಗ
ಅರ್ಧ ಕ್ರಯಕ್ಕೆ ಕೊಟ್ಟುಹೋದ ಜರ್ಮನ್ ಕಾರು;
ಓಡಿದ್ದಕ್ಕಿಂತ ಬಿಸಿಲಲ್ಲಿ ನಿಂತದ್ದೇ ಹೆಚ್ಚು.

ಇಂಡಸ್ಟ್ರಿಯಲ್ ಏರಿಯಾ ಹತ್ತು,
ಉಪ್ಪಳದ ಮೊಯ್ದಿನಬ್ಬನ ಅಂಗಡಿ.
ತುಂಟನ ಕಿವಿ ಹಿಂಡುವಂತೆ ಟೈರಿನ ಬದಿ ಒರೆಸಿ
ನಾಲ್ಕಂಕಿ ತೋರಿಸಿದ: "ಹುಟ್ಟಿದ ವಾರ, ಹುಟ್ಟಿದ ವರ್ಷ.
ನಿಂತಲ್ಲೇ ಒಣಗುತ್ತದೆ ವಾರಿಜಕ್ಕ,
ಓಡದ ಪುಣ್ಯ ರಬ್ಬರಿನ ಲೆಕ್ಕಕ್ಕೆ ಬರುವುದಿಲ್ಲ."

ಇಪ್ಪತ್ತಮೂರನೇ ವಾರ. ಬೆರಳು ಮಡಚಿ ಎಣಿಸಿದೆ. ಜೂನು.
ಆ ವಾರವೇ ಅಲ್ಲವೇ
ಡ್ರೈವಿಂಗ್ ಟೆಸ್ಟಿನಲ್ಲಿ ಆರನೇ ಸಲ ಫೇಲಾಗಿ
ಬಸ್ ಸ್ಟಾಪಿನಲ್ಲಿ ಲಬಾನ್ ಕುಡಿಯುತ್ತ ಅತ್ತದ್ದು?
ನಾನಿಲ್ಲಿ ಹಿಂದೆ ಹಿಂದೆ ಬಂದು
ಗೂಟ ಕೆಡವುತ್ತಿದ್ದ ಹೊತ್ತಿಗೆ
ಎಲ್ಲೋ ಒಂದು ಅಚ್ಚಿನಿಂದ ಬಿಸಿಬಿಸಿ ಹೊರಬಿದ್ದು
ಈ ನಾಲ್ವರು ನನಗಾಗಿ ಕಾಯತೊಡಗಿದ್ದರು.

ಬೆಲೆಯ ಮಾತು ಬಂತು.
ಕಂಪನಿಯದ್ದೇ ಆದರೆ ಒಂದಕ್ಕೆ ಒಂಬೈನೂರು ದಿರಮ್.
ಒಂಬತ್ನಾಲ್ಕಲಿ ಮೂವತ್ತಾರು: ಬಾಡಿಗೆಯ ಒಂದು ಚೆಕ್ಕು.
ಕೊರಿಯಾದ್ದು ಐನೂರ ಅರವತ್ತು.
ಚೀನಾದ್ದು ಮುನ್ನೂರ ನಲವತ್ತು, ಹೆಸರಿಗೆ ನಾಲಿಗೆ ತಿರುಗದು.
ರನ್‌ಫ್ಲಾಟೇ ಬೇಡವೆಂದರೆ
ಸಾದಾ ಟೈರು ಇನ್ನೂರಿಪ್ಪತ್ತು, ಜೊತೆಗೊಂದು ಗಾಳಿಪಂಪು.
"ಮೆತ್ತಗಿರುತ್ತದೆ. ಹಂಪು ಹಾರಿದರೂ ಸೊಂಟಕ್ಕೆ ಸುಖ."

ಸೊಂಟ ಹೂಂ ಅಂದಿತು.
ಆದರೆ ಧೈದ್ ರಸ್ತೆಯ ಆ ರಾತ್ರಿ ನೆನಪಾಯಿತು.
ಫ್ಲೋರಿನಳ ಕಾರಿನ ಟೈರು ಪಟ್ಟೆಂದು ಒಡೆದು
ಇಬ್ಬರೂ ಮರಳಿನ ಬದಿಯಲ್ಲಿ,
ಲಾರಿಗಳ ಗಾಳಿಗೆ ದುಪ್ಪಟ್ಟಾ ಹಾರುತ್ತ,
ಜಾಕ್ ಎಲ್ಲಿಡಬೇಕೆಂದು ಫೋನಿನ ಬೆಳಕಲ್ಲಿ ಹುಡುಕುತ್ತ.
ನಿಲ್ಲದ ಕಾರುಗಳ ಮೇಲೆ ಸಿಟ್ಟು,
ನಿಂತ ಕಾರಿನ ಮೇಲೆ ಭಯ.

"ಗಾಳಿ ಪೂರ ಹೋದರೂ," ಮೊಯ್ದಿನಬ್ಬ ವಿವರಿಸುತ್ತಿದ್ದ,
"ಎಂಬತ್ತರ ವೇಗದಲ್ಲಿ ಎಂಬತ್ತು ಕಿಲೋಮೀಟರು
ಮನೆ ಮುಟ್ಟಿಸುತ್ತದೆ. ಹೊರಗಿನಿಂದ ಗೊತ್ತೇ ಆಗುವುದಿಲ್ಲ."
ಗೊತ್ತು ಬಿಡು, ಹನ್ನೊಂದು ವರ್ಷದಿಂದ ನಾನೂ ಹಾಗೇ, ಅಂದೆ.
ನಗಬೇಕೋ ಬೇಡವೋ ತಿಳಿಯದೆ
ಅವನು ಟೈರಿಗೆ ಎರಡು ಸಲ ತಟ್ಟಿದ.

ಕೊರಿಯಾದ್ದನ್ನು ಉರುಳಿಸಿ ತಂದ.
ಈಗ ನನಗೂ ಓದಲು ಬರುತ್ತದಲ್ಲ, ಬದಿ ಒರೆಸಿದೆ:
ಇದಕ್ಕೆ ಆಗಲೇ ಎರಡು ತುಂಬಿದೆ ಮೊಯ್ದಿನಬ್ಬ,
ನಿನ್ನ ಶೀಟಿನಡಿ ಆದ ವಯಸ್ಸಿಗೂ ನಾನೇ ದುಡ್ಡು ಕೊಡಬೇಕೆ?
"ಅಬ್ಬಾ ವಾರಿಜಕ್ಕ!" ಎನ್ನುತ್ತ ಒಳಗೆ ಹೋದ.

ಚೀನಾದ ನಾಲ್ಕು ಬಂದವು.
ಹುಟ್ಟಿ ಒಂಬತ್ತು ವಾರ, ಮೈತುಂಬ
ರಬ್ಬರಿನ ಹುಟ್ಟುಗೂದಲು.
ನನ್ನ ಮೂರು ಸಿಗ್ನಲ್ಲಿಗೆ ಹೆಸರೇಕೆ, ಹರೆಯ ಸಾಕು.
ಚರ್ಚೆಯಾಗಿ, ಚಹಾ ಆಗಿ,
ಬ್ಯಾಲೆನ್ಸಿಂಗ್ ಸೇರಿ ಸಾವಿರದ ಮುನ್ನೂರಕ್ಕೆ ನಿಂತಿತು.

ಡಿಕ್ಕಿ ತೆರೆದು ನೋಡಿದ, ಅಭ್ಯಾಸ.
ಸ್ಟೆಪ್ನಿ ಇಡಲು ಈ ಕಾರಿನಲ್ಲಿ ಜಾಗವೇ ಇಲ್ಲ;
ಹತ್ತು ಕಿಲೋ ಕುಚ್ಚಲಕ್ಕಿ, ಒಂದು ಚಾಪೆ,
ಡಾಕ್ಟರ್ ರೀಮ್ ಮರೆತುಹೋದ ಕೊಡೆ.

ಮೊದಲ ಹಂಪಿಗೇ ಸೊಂಟ ಅಯ್ಯೋ ಅಂದಿತು.
ಕಲ್ಲು, ಅಪ್ಪಟ ಕಲ್ಲು.
ಮನೆಯ ಕೆಳಗೆ ನಿಲ್ಲಿಸಿ
ಹಳೆಯ ಪರದೆಯೊಂದನ್ನು ತಂದು
ಪಡುವಣ ಬದಿಯ ಎರಡಕ್ಕೆ ಮರೆಮಾಡಿದೆ.
ಬಟ್ಟೆ ಅಷ್ಟಕ್ಕೇ ಸಾಲುತ್ತದೆ. ನಾಳೆ
ಮೂತಿ ತಿರುಗಿಸಿ ನಿಲ್ಲಿಸಬೇಕು.